ಹಗಲಲ್ಲಿ ಸರಿ, ರಾತ್ರಿ ತಕರಾರು: ಒಂದು ಫಾಗ್ ಲೈಟ್ ವೈರಿಂಗ್ ಪ್ರಕರಣ

ಸಣ್ಣ ಹ್ಯಾಚ್‌ಬ್ಯಾಕ್ ಕಾರು. ಕೆಳಗಿನ ವೇರಿಯಂಟ್ ಆದ್ದರಿಂದ ಕಂಪನಿಯಿಂದ ಫಾಗ್ ಲೈಟ್ ಬಂದಿರಲಿಲ್ಲ. ಬಂಪರಿನಲ್ಲಿ ಅದರ ಜಾಗಕ್ಕೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಹಾಕಿ ಬಿಟ್ಟಿದ್ದರು. ಮಾಲೀಕರು ಹೊರಗಿನಿಂದ ಒಂದು ಕಿಟ್ ತಂದು ತಾವೇ ಕೂರಿಸಿದ್ದರು. ಎರಡು ಲ್ಯಾಂಪು, ತಲಾ 55 ವ್ಯಾಟಿನ ಎರಡು ಎಚ್11 ಹ್ಯಾಲೊಜೆನ್ ಬಲ್ಬು, ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಡಬ್ಬಿ), ಒಂದು ಫ್ಯೂಸ್, ಡ್ಯಾಶ್‌ಬೋರ್ಡಿಗೆ ಒಂದು ಸ್ವಿಚ್ಚು, ಜೊತೆಗೆ ರೆಡಿಮೇಡ್ ವೈರಿಂಗ್. ಕೆಲಸ ನೋಡೋಕೆ ಅಚ್ಚುಕಟ್ಟಾಗೇ ಇತ್ತು. ವೈರಿಗೆಲ್ಲ ಸುರುಳಿ ಪೈಪು ಹೊದಿಸಿ, ಟೈ ಹಾಕಿ ಕಟ್ಟಿದ್ದರು.

ಹಗಲು ಹೊತ್ತು ಪರೀಕ್ಷೆ ಮಾಡಿದಾಗ ಏನೂ ತೊಂದರೆ ಕಂಡಿರಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ ಸ್ವಿಚ್ ಒತ್ತಿದರೆ ಎರಡೂ ಚೆನ್ನಾಗಿ ಉರಿಯುತ್ತಿದ್ದವು. ತಕರಾರು ಶುರುವಾದದ್ದು ಕತ್ತಲಾದ ಮೇಲೆ. ಹೆಡ್‌ಲೈಟ್ ಹಾಕಿದ ತಕ್ಷಣ ಬಾನೆಟ್ ಒಳಗಿಂದ ರಿಲೇ ಟರ್ರ್ ಅಂತ ಸದ್ದು ಮಾಡುತ್ತಿತ್ತು, ಫಾಗ್ ಲೈಟು ಒಂದೇ ಸಮ ಅದುರುತ್ತಿತ್ತು. ಸಾಲದ್ದಕ್ಕೆ ಎಡಗಡೆ ಲ್ಯಾಂಪ್ ಬಲಗಡೆಯದಕ್ಕಿಂತ ಮಂಕು. ಎಡ ಇಂಡಿಕೇಟರ್ ಹಾಕಿದರೆ ಅದೇ ತಾಳಕ್ಕೆ ಎಡ ಫಾಗ್ ಲೈಟೂ ಏರಿಳಿಯುತ್ತಿತ್ತು.

"ರಿಲೇ ಹೋಗಿದೆ ಅಂದ್ಕೊಂಡು ಬೇರೆ ಹಾಕಿದೆ ಸಾರ್, ಅದೂ ಹಾಗೇ ಕಿರುಚುತ್ತೆ. ಬಲ್ಬ್ ಅದಲುಬದಲು ಮಾಡಿ ನೋಡಿದೆ, ಎಡಗಡೆದೇ ಡಲ್ಲು. ಅರ್ತ್ ಚೆಕ್ ಮಾಡಿದೆ, ಮೀಟರ್ ಬೀಪ್ ಅನ್ನುತ್ತೆ" ಅಂದರು ಮಾಲೀಕರು, ಕಾರನ್ನು ನನ್ನ ಹತ್ತಿರ ತಂದಾಗ. (ಅರ್ತ್ ಅಂದರೆ ಲ್ಯಾಂಪಿನಿಂದ ಕರೆಂಟ್ ಬಾಡಿಯ ಮೂಲಕ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ.) ಆಮೇಲೆ ಸ್ವಲ್ಪ ಅನುಮಾನದಲ್ಲೇ ಇನ್ನೊಂದು ಮಾತು ಸೇರಿಸಿದರು: "ಇದನ್ನ ಹಾಕಿದ ಮೇಲೆ ಎಡಗಡೆ ಹೆಡ್‌ಲೈಟೂ ಸ್ವಲ್ಪ ಡಲ್ ಆಗಿದೆ ಅನ್ಸುತ್ತೆ. ನನ್ನ ಭ್ರಮೆಯೋ ಏನೋ."

ಅವರು ಹೇಳಿದ್ದರಲ್ಲಿ ಅತಿ ಬೆಲೆಯುಳ್ಳ ಸುಳಿವು ಅದೇ ಕೊನೆಯ ಮಾತು. ಫಾಗ್ ಲೈಟಿನ ವೈರಿಂಗ್ ಬ್ಯಾಟರಿಯಿಂದ ನೇರವಾಗಿ ಬಂದಿದೆ. ಅದಕ್ಕೂ ಹೆಡ್‌ಲೈಟಿಗೂ ಸಂಬಂಧವೇ ಇರಬಾರದು. ಆದರೂ ಒಂದರ ಗಾಳಿ ಇನ್ನೊಂದಕ್ಕೆ ಸೋಕುತ್ತಿದೆ ಅಂದರೆ, ಎಲ್ಲೋ ಒಂದು ಕಡೆ ಎರಡೂ ಒಂದೇ ದಾರಿ ಹಂಚಿಕೊಂಡಿವೆ ಅಂತಾಯಿತು.

ಬಲ್ಬ್ ಅದಲುಬದಲು ಮಾಡಿದ್ದು ಒಳ್ಳೆಯ ಪರೀಕ್ಷೆ. ಖರ್ಚಿಲ್ಲದೆ ಬಲ್ಬುಗಳನ್ನು ಸಂಶಯದಿಂದ ಹೊರಗಿಟ್ಟಿತು. (ಎಚ್11 ಬಲ್ಬಿನ ಗಾಜನ್ನು ಬರಿಗೈಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಜಾಸ್ತಿ ಕಾದು ಬಲ್ಬ್ ಬೇಗ ಹೋಗುತ್ತದೆ.) ರಿಲೇ ಬದಲಿಸಿದ್ದು ಮಾತ್ರ ಬರೀ ಊಹೆ. ರಿಲೇ ಸದ್ದು ಮಾಡುತ್ತದೆ ಅಂದರೆ ಅದು ಕೆಟ್ಟಿದೆ ಅಂತ ಅರ್ಥವಲ್ಲ. ಹೆಚ್ಚಿನ ಸಲ ಯಾರೋ ಅದಕ್ಕೆ ಸರಿಯಾದ ಆಜ್ಞೆ ಕೊಡುತ್ತಿಲ್ಲ ಅಂತ ಅರ್ಥ. ಇನ್ನು ಆ ಬೀಪ್ ವಿಚಾರ, ಅದಕ್ಕೆ ಆಮೇಲೆ ಬರುತ್ತೇನೆ. ಈ ಪ್ರಕರಣದ ಅರ್ಧ ಗೊಂದಲ ಅದರಿಂದಲೇ ಆದದ್ದು.

ತಕರಾರನ್ನು ಮೊದಲು ಎರಡು ಭಾಗ ಮಾಡಿಕೊಂಡೆ. ರಿಲೇ ಅಂದರೆ ಒಂದೇ ಡಬ್ಬಿಯಲ್ಲಿ ಎರಡು ಸರ್ಕಿಟ್. ಒಂದು ಕಾಯಿಲಿನದು (ಕರೆಂಟ್ ಬಂದರೆ ಅಯಸ್ಕಾಂತವಾಗಿ ಒಳಗಿನ ಸ್ವಿಚ್ಚನ್ನು ಎಳೆಯುವ ಸುರುಳಿ), ಅಲ್ಲಿ ಹರಿಯುವುದು ಚೂರೇ ಚೂರು ಕರೆಂಟು. ಇನ್ನೊಂದು ಲ್ಯಾಂಪಿನದು, ಅಲ್ಲೇ ನಿಜವಾದ ಹೊರೆ. ರಿಲೇ ಕಿರುಚುವುದು ಕಾಯಿಲ್ ಕಡೆಯ ದೋಷ. ಒಂದು ಲ್ಯಾಂಪ್ ಮಾತ್ರ ಮಂಕಾಗುವುದು ಹೊರೆಯ ಕಡೆಯ ದೋಷ, ಏಕೆಂದರೆ ಕಾಯಿಲ್ ಕೈಕೊಟ್ಟರೆ ಎರಡೂ ಲ್ಯಾಂಪಿಗೆ ಒಂದೇ ರೀತಿ ಆಗಬೇಕು. ಎರಡನ್ನೂ ಒಂದೇ ರೋಗ ಅಂದುಕೊಂಡು ಹುಡುಕುತ್ತಾ ಹೋದರೆ ಸುಮ್ನೆ ಸುತ್ತುತ್ತಿರಬೇಕಾಗುತ್ತದೆ.

ರಿಲೇಯ ಕಾಲುಗಳ ನಂಬರು ಗೊತ್ತಿದ್ದರೆ ಅರ್ಧ ಕೆಲಸ ಸಲೀಸು. ಡಿಐಎನ್ 72552 ಎಂಬ ಜರ್ಮನ್ ಮಾನಕದಿಂದ ಬಂದ ನಂಬರುಗಳಿವು, ಕಾರಿನ ರಿಲೇಗಳ ಮೇಲೆ ಸಾಮಾನ್ಯವಾಗಿ ಇವೇ ಇರುತ್ತವೆ. 30ಕ್ಕೆ ಬ್ಯಾಟರಿ, 87ಕ್ಕೆ ಲ್ಯಾಂಪು, 85 ಮತ್ತು 86 ಕಾಯಿಲಿನ ಎರಡು ತುದಿ. ಐದು ಕಾಲಿನ ರಿಲೇ ಆದರೆ ನಡುವೆ 87ಎ ಇರುತ್ತದೆ. ಅದನ್ನು ಖಾಲಿ ಬಿಡಬೇಕು. ರಿಲೇ ಆಫ್ ಇದ್ದಾಗ 30ರ ಕರೆಂಟ್ ಅಲ್ಲಿಗೆ ಬರುತ್ತದೆ. ಅಲ್ಲಿ ಲ್ಯಾಂಪ್ ಕೊಟ್ಟವರಿಗೆ ಸ್ವಿಚ್ ಆಫ್ ಮಾಡಿದಾಗ ಲೈಟ್ ಉರಿಯುವ ವಿಚಿತ್ರ ಕಾರು ಸಿಗುತ್ತದೆ.

ಕಾಯಿಲಿನ ರೆಸಿಸ್ಟೆನ್ಸ್ ಅಳೆದೆ, 90 ಓಮ್ ಬಂತು. 12 ವೋಲ್ಟಿನ ರಿಲೇಗೆ ಇದು ಸರಿಯಾದ ಲೆಕ್ಕ. ಅಂದರೆ 0.13 ಆಂಪಿಯರ್ ಸಿಕ್ಕರೆ ಸಾಕು, ಅದು ಎಳೆದುಕೊಂಡು ಕೂರುತ್ತದೆ. ಇನ್ನು ಅದಕ್ಕೆ ಏನು ಬರುತ್ತಿದೆ ಅಂತ ನೋಡಬೇಕು. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಆಫ್ ಇಟ್ಟು, 86ಕ್ಕೆ ಮೀಟರ್ ಹಿಡಿದರೆ 13.8 ವೋಲ್ಟ್. ಗಟ್ಟಿಯಾಗಿ ನಿಂತಿತ್ತು. ಹೆಡ್‌ಲೈಟ್ ಹಾಕಿಸಿದೆ. ರಿಲೇ ಕಿರುಚಿತು, ಮೀಟರ್ 6 ವೋಲ್ಟಿನ ಆಸುಪಾಸಿಗೆ ಕುಸಿಯಿತು. ಅಲ್ಲೂ ನಿಲ್ಲಲಿಲ್ಲ, ಕೊನೆಯ ಅಂಕಿ ಕುಣಿಯುತ್ತಲೇ ಇತ್ತು. ಮೀಟರನ್ನು ಹರ್ಟ್ಸ್‌ಗೆ ತಿರುಗಿಸಿದೆ. 100ರ ಹತ್ತಿರ ತೋರಿಸಿತು. ಗುಟ್ಟು ಅಲ್ಲೇ ಬಯಲಾಯಿತು.

ಬ್ಯಾಟರಿ ಕೊಡುವ ಕರೆಂಟಿಗೆ ಹರ್ಟ್ಸ್ ಇರಬಾರದು. ಇದೆ ಅಂದರೆ ಯಾರೋ ಅದನ್ನು ಸೆಕೆಂಡಿಗೆ ನೂರು ಸಲ ಆನ್ ಆಫ್ ಮಾಡುತ್ತಿದ್ದಾರೆ. ಮಾಡುತ್ತಿದ್ದುದು ಬಿಸಿಎಂ, ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್, ಕಾರಿನ ಲೈಟು ಮುಂತಾದವನ್ನು ನಡೆಸುವ ಪುಟ್ಟ ಕಂಪ್ಯೂಟರ್. ಮಾಲೀಕರು ರಿಲೇಯ ಸಿಗ್ನಲ್ಲನ್ನು "ಪಾರ್ಕಿಂಗ್ ಲೈಟಿನ ವೈರು" ಅಂದುಕೊಂಡು ಮುಂದಿನ ಡಿಆರ್‌ಎಲ್ (ಹಗಲಲ್ಲೂ ಉರಿಯುವ ದೀಪ) ವೈರಿನಿಂದ ತೆಗೆದಿದ್ದರು. ಈ ಕಾರಿನಲ್ಲಿ ಆ ಒಂದೇ ಲ್ಯಾಂಪಿಗೆ ಎರಡು ಕೆಲಸ. ಹಗಲು ಪೂರ್ತಿ ಬೆಳಕಿನಲ್ಲಿ ಉರಿದು ಡಿಆರ್‌ಎಲ್ ಆಗುತ್ತದೆ. ಹೆಡ್‌ಲೈಟ್ ಹಾಕಿದ ಮೇಲೆ ಎದುರಿನವರ ಕಣ್ಣಿಗೆ ಚುಚ್ಚಬಾರದಲ್ವಾ, ಆಗ ಬೆಳಕು ತಗ್ಗಿಸಿಕೊಂಡು ಪಾರ್ಕಿಂಗ್ ಲೈಟ್ ಆಗುತ್ತದೆ. ತಗ್ಗಿಸಲು ಬಿಸಿಎಂ ವೋಲ್ಟೇಜನ್ನು ಇಳಿಸುವುದಿಲ್ಲ. ಪೂರ್ತಿ ವೋಲ್ಟೇಜನ್ನೇ ತುಂಡು ತುಂಡಾಗಿ ಕಳಿಸುತ್ತದೆ. ಇದಕ್ಕೆ ಪಿಡಬ್ಲ್ಯೂಎಂ ಅನ್ನುತ್ತಾರೆ. ಕಣ್ಣಿಗೆ ಅದು ಕಡಿಮೆ ಬೆಳಕಾಗಿ ಕಾಣುತ್ತದೆ. ಮೀಟರ್ ಸರಾಸರಿ ತೆಗೆದು 6 ವೋಲ್ಟ್ ಅನ್ನುತ್ತದೆ. ರಿಲೇ ಪಾಪ, ಪ್ರತಿ ತುಂಡಿಗೂ ಎಳೆಯಲು ಹೋಗಿ ಬಿಡುತ್ತದೆ, ಎಳೆಯಲು ಹೋಗಿ ಬಿಡುತ್ತದೆ. ಹಗಲಲ್ಲಿ ಮಾಡಿದ ಪರೀಕ್ಷೆ ಪಾಸಾಗಿದ್ದು ಇದಕ್ಕೇ. ಆಗ ತುಂಡರಿಸುವ ಕೆಲಸವೇ ಇರಲಿಲ್ಲ.

ಹೊಸ ರಿಲೇ ಹಾಕಿದರೂ ಕಿರುಚಿದ್ದು ಯಾಕೆ ಅಂತ ಇನ್ನು ಬಿಡಿಸಿ ಹೇಳಬೇಕಿಲ್ಲ. ಹಾಗೇ ಓಡಿಸಿದ್ದರೆ ಏನಾಗುತ್ತಿತ್ತು ಅನ್ನೋದು ಮುಖ್ಯ. ಪ್ರತಿ ಎಳೆತಕ್ಕೂ ಕಾಂಟ್ಯಾಕ್ಟಿನಲ್ಲಿ ಕಿಡಿ ಹಾರುತ್ತದೆ, ಸ್ವಲ್ಪ ದಿನದಲ್ಲಿ ಕಾಂಟ್ಯಾಕ್ಟ್ ಸುಟ್ಟು ಹೋಗುತ್ತದೆ ಇಲ್ಲವೇ ಬೆಸೆದುಕೊಂಡು ಲೈಟ್ ಆರುವುದೇ ಇಲ್ಲ. ಅದಕ್ಕಿಂತ ಹೆದರಿಕೆಯ ವಿಷಯ ಬಿಸಿಎಂನದು. ಕಾಯಿಲಿನ ಕರೆಂಟ್ ಥಟ್ಟನೆ ನಿಂತ ಕ್ಷಣ ಅದು ಉಲ್ಟಾ ವೋಲ್ಟೇಜ್ ಒದೆಯುತ್ತದೆ. ತಡೆ ಇಲ್ಲದಿದ್ದರೆ ಆ ಒದೆತ ನೂರು ವೋಲ್ಟನ್ನೂ ದಾಟಬಹುದು. ಕಾರಿನ ಎಲೆಕ್ಟ್ರಾನಿಕ್ಸಿಗೆ ಅದನ್ನು ಸೆಕೆಂಡಿಗೆ ನೂರು ಸಲ ಉಣಿಸುವುದು ಒಳ್ಳೆಯದಲ್ಲ.

ಪರಿಹಾರಕ್ಕೆ ಬೇರೆ ಸಿಗ್ನಲ್ ಹುಡುಕಬೇಕಾಯಿತು. ಇಗ್ನಿಷನ್ ಆನ್ ಆದಾಗ ಬರುವ ಯಾವುದಾದರೂ ಫ್ಯೂಸಿನಿಂದ ತೆಗೆಯುವುದು ಸುಲಭದ ದಾರಿ. ಆದರೆ ನನಗೆ ಫಾಗ್ ಲೈಟು ಪಾರ್ಕಿಂಗ್ ಲೈಟಿನ ಜೊತೆಗೇ ಹತ್ತುವುದು ಇಷ್ಟ. ಹಿಂದಿನ ಕೆಂಪು ದೀಪ ಇಲ್ಲದೆ ಬರೀ ಮುಂದೆ ಫಾಗ್ ಲೈಟ್ ಹಾಕಿಕೊಂಡು ಮಂಜಿನಲ್ಲಿ ಹೋಗುವ ಕಾರು ಹಿಂದಿನವರಿಗೆ ಕಾಣುವುದೇ ಇಲ್ಲ. ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 48ನೇ ವಾಹನ ನಿಯಮವೂ ಪಾರ್ಕಿಂಗ್ ಲೈಟ್ ಇಲ್ಲದೆ ಫಾಗ್ ಲೈಟ್ ಹತ್ತಬಾರದು ಅನ್ನುತ್ತದೆ. ಹಾಗಾಗಿ ಹಿಂದಿನ ಪಾರ್ಕಿಂಗ್ ಲ್ಯಾಂಪಿನ ವೈರನ್ನು ಹುಡುಕಿದೆ. ಅದು ಬಾಗಿಲ ಕೆಳಗಿನ ಪಟ್ಟಿಯ ಅಡಿಯಲ್ಲಿ ಹಿಂದಕ್ಕೆ ಹೋಗುತ್ತಿತ್ತು. ಈ ಕಾರಿನಲ್ಲಿ ಹಿಂದೆ ಇರುವುದು ಸಾದಾ ಬಲ್ಬ್. ಎಂಜಿನ್ ಚಾಲೂ ಇದ್ದು ಹೆಡ್‌ಲೈಟ್ ಹಾಕಿದಾಗ ಅಲ್ಲಿ ಗಟ್ಟಿ 13.7 ವೋಲ್ಟ್, ಹರ್ಟ್ಸ್ ಸೊನ್ನೆ. ಇದೇ ಅಳತೆಯನ್ನು ಎಂಜಿನ್ ಆಫ್ ಇಟ್ಟು ಮಾಡಿದರೆ ಸಾಲದು. ಕೆಲವು ಬಿಸಿಎಂಗಳು ಆಲ್ಟರ್ನೇಟರ್ ವೋಲ್ಟೇಜ್ ಏರಿದ ಮೇಲಷ್ಟೇ ಬಲ್ಬ್ ಉಳಿಸಲು ತುಂಡರಿಸಲು ಶುರು ಮಾಡುತ್ತವೆ.

ಆ ವೈರಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ 86ಕ್ಕೆ ಸಣ್ಣ ವೈರ್ ಎಳೆದೆ. ನಡುವೆ 3 ಆಂಪಿಯರಿನ ಫ್ಯೂಸ್. ಆ ಉಲ್ಟಾ ಒದೆತವನ್ನು ತಡೆಯಲು ಕಾಯಿಲಿನ ಎರಡು ಕಾಲಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಬೆಸುಗೆ ಹಾಕಿದೆ, ಬೆಳ್ಳಿ ಗೆರೆ ಇರುವ ತುದಿ 86ರ ಕಡೆಗೆ. ಉಲ್ಟಾ ಹಾಕಿದರೆ ಸ್ವಿಚ್ ಒತ್ತಿದ ಕೂಡಲೇ ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ. ಒಳಗೇ ಡಯೋಡ್ ಇರುವ ರಿಲೇಗಳೂ ಸಿಗುತ್ತವೆ. ಅವುಗಳಲ್ಲಿ 86 ಪಾಸಿಟಿವ್, 85 ನೆಗೆಟಿವ್ ಅನ್ನೋದನ್ನು ತಪ್ಪದೆ ಪಾಲಿಸಬೇಕು.

ಕಿರುಚಾಟ ನಿಂತಿತು. ಎಡಗಡೆ ಮಂಕು ಹಾಗೇ ಉಳಿಯಿತು. ಅದು ನಿರೀಕ್ಷಿಸಿದ್ದೇ.

ಬೀಪ್ ಎಂಬ ಸುಳ್ಳು

ಮಲ್ಟಿಮೀಟರಿನ ಬೀಪ್ ಬಗ್ಗೆ ಜನಕ್ಕೆ ಭಾರಿ ನಂಬಿಕೆ. ಎರಡು ತುದಿಗೆ ಪ್ರೋಬ್ ಹಿಡಿದರೆ ಬೀಪ್ ಅಂದಿತು, ವೈರ್ ಸರಿ ಇದೆ ಅಂತ ಮುಂದಕ್ಕೆ ಹೋಗುತ್ತಾರೆ. ಬಹಳಷ್ಟು ಮೀಟರುಗಳು ಹತ್ತಾರು ಓಮ್ ಇದ್ದರೂ ಬೀಪ್ ಅನ್ನುತ್ತವೆ. ಇಲ್ಲಿ ನಮಗೆ ಬೇಕಾಗಿರುವುದು ಓಮಿನ ಹತ್ತನೇ ಒಂದು ಭಾಗದ ಲೆಕ್ಕ. ಓಮ್ ಸ್ಕೇಲಿನಲ್ಲಿ ನೋಡಿದರೂ ಪ್ರಯೋಜನವಿಲ್ಲ. ಮೀಟರಿನ ವೈರುಗಳೇ 0.2, 0.3 ಓಮ್ ತೋರಿಸುತ್ತಿರುತ್ತವೆ, ಅಷ್ಟರಲ್ಲೇ ನಮ್ಮ ದೋಷ ಮುಚ್ಚಿಹೋಗುತ್ತದೆ.

ಅರ್ಧ ಎಳೆ ಹರಿದ ಹಗ್ಗವನ್ನು ಗೋಡೆಗೆ ನೇತುಹಾಕಿದರೆ ಹೊಸದರ ಹಾಗೇ ಕಾಣುತ್ತದೆ, ಭಾರ ಕಟ್ಟಿದಾಗಲೇ ಗೊತ್ತಾಗುವುದು. ವೈರಿಗೂ ಅಷ್ಟೆ. ಲ್ಯಾಂಪ್ ಉರಿಯುತ್ತಿರುವಾಗ, ಪೂರ್ತಿ ಕರೆಂಟ್ ಹರಿಯುತ್ತಿರುವಾಗ, ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅಂತ ಅಳೆಯಬೇಕು. 55 ವ್ಯಾಟಿನ ಲ್ಯಾಂಪ್ ಸುಮಾರು 4.5 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಬರೀ 0.2 ಓಮ್ ಅಡ್ಡಿ ಇದ್ದರೂ 0.9 ವೋಲ್ಟ್ ಅಲ್ಲೇ ಹೋಯಿತು. ಬೀಪ್‌ಗೆ ಕಾಣದ 0.2 ಓಮ್, ವೋಲ್ಟ್ ಸ್ಕೇಲಿನಲ್ಲಿ ಹೀಗೆ ಎದ್ದು ಕಾಣುತ್ತದೆ.

ರಿಲೇಯನ್ನು ಬದಿಗಿಟ್ಟು, ಅದರ ಸಾಕೆಟ್ಟಿನ 30 ಮತ್ತು 87ಕ್ಕೆ ಫ್ಯೂಸ್ ಇರುವ ಜಂಪರ್ ವೈರ್ ಚುಚ್ಚಿ ಎರಡನ್ನೂ ನೇರ ಸೇರಿಸಿದೆ. ಹೀಗೆ ಮಾಡಿದರೆ ಸ್ವಿಚ್ಚು, ಕಾಯಿಲು ಎಲ್ಲ ಲೆಕ್ಕದಿಂದ ಹೊರಗೆ. ಎಂಜಿನ್ ಚಾಲೂ, ಹೆಡ್‌ಲೈಟ್ ಡಿಮ್‌ನಲ್ಲಿ ಆನ್. ಬ್ಯಾಟರಿಯ ಎರಡು ತುದಿಯಲ್ಲಿ 13.9 ವೋಲ್ಟ್. ಬಲ ಫಾಗ್ ಲ್ಯಾಂಪಿನ ಕನೆಕ್ಟರಿನ ಹಿಂದಿನಿಂದ ಪ್ರೋಬ್ ತೂರಿಸಿ ನೋಡಿದರೆ 12.8. ಎಡ ಲ್ಯಾಂಪಿನಲ್ಲಿ 11.3.

ಒಂದೂವರೆ ವೋಲ್ಟಿಗೆ ಏನಂತೆ ಅನ್ನಿಸಬಹುದು. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮವಾಗಿ ಇಳಿಯುವುದಿಲ್ಲ, ಕಡಿದಾಗಿ ಇಳಿಯುತ್ತದೆ. ವೋಲ್ಟೇಜ್ ಶೇ 10ರಷ್ಟು ತಗ್ಗಿದರೆ ಬೆಳಕು ಸುಮಾರು ಶೇ 30ರಷ್ಟು ತಗ್ಗುತ್ತದೆ. ಈ ಲೆಕ್ಕದಲ್ಲಿ ಎಡ ಲ್ಯಾಂಪ್ ಬಲಗಡೆಯದರ ಮೂರನೇ ಎರಡು ಪಾಲು ಬೆಳಕನ್ನಷ್ಟೇ ಕೊಡುತ್ತಿತ್ತು. ಬಣ್ಣವೂ ಕೆಂಪಗೆ ತಿರುಗಿತ್ತು.

ಇನ್ನು ಕಳೆದುಹೋದ ವೋಲ್ಟ್ ಎಲ್ಲಿ ಅಂತ ಹುಡುಕುವ ಕೆಲಸ. ಮೊದಲು ಪಾಸಿಟಿವ್ ಕಡೆ. ಬ್ಯಾಟರಿ ಪಾಸಿಟಿವ್‌ಗೆ ಒಂದು ಪ್ರೋಬ್, ಲ್ಯಾಂಪಿನ ಪಾಸಿಟಿವ್‌ಗೆ ಇನ್ನೊಂದು. ಎರಡೂ ಲ್ಯಾಂಪಿಗೆ 0.9 ವೋಲ್ಟ್ ನಷ್ಟ. ಇದು ಜಾಸ್ತಿಯೇ, ಆದರೆ ಎರಡಕ್ಕೂ ಒಂದೇ. ಆಮೇಲೆ ಅರ್ತ್ ಕಡೆ, ಲ್ಯಾಂಪಿನ ನೆಗೆಟಿವ್‌ನಿಂದ ಬ್ಯಾಟರಿ ನೆಗೆಟಿವ್‌ಗೆ. ಬಲಗಡೆ 0.2, ಎಡಗಡೆ 1.7! ಒಳ್ಳೆಯ ಅರ್ತಿನಲ್ಲಿ ಇದು 0.1ರ ಆಸುಪಾಸಿನಲ್ಲಿ ಇರಬೇಕು. ಹೆಡ್‌ಲೈಟ್ ಆಫ್ ಮಾಡಿಸಿದೆ, 1.7 ಇದ್ದದ್ದು 0.9ಕ್ಕೆ ಇಳಿಯಿತು. ಮತ್ತೆ ಹೆಡ್‌ಲೈಟ್ ಹಾಕಿಸಿ ಎಡ ಇಂಡಿಕೇಟರ್ ಕೊಡಿಸಿದೆ. ಪ್ರತಿ ಮಿಣುಕಿಗೂ ಮೀಟರ್ 1.7ರಿಂದ 2.1ಕ್ಕೆ ಹಾರಿ ವಾಪಸ್ ಬರುತ್ತಿತ್ತು.

ಅಂದರೆ ಎಡ ಫಾಗ್ ಲೈಟು, ಎಡ ಹೆಡ್‌ಲೈಟು, ಎಡ ಇಂಡಿಕೇಟರು ಮೂರೂ ಒಂದೇ ಇಕ್ಕಟ್ಟಾದ ಅರ್ತ್ ದಾರಿಯಲ್ಲಿ ವಾಪಸ್ ಹೋಗುತ್ತಿವೆ. ಒಬ್ಬೊಬ್ಬರು ಸೇರಿದಂತೆಲ್ಲ ನೂಕುನುಗ್ಗಲು ಜಾಸ್ತಿ. ಮಾಲೀಕರ "ಭ್ರಮೆ"ಗೂ ಇದೇ ಕಾರಣ.

ಕೇಳಿದಾಗ ವಿಷಯ ಹೊರಬಂತು. ಕಿಟ್ಟಿನ ಕಪ್ಪು ವೈರ್ ಎಡಗಡೆ ಗಿಡ್ಡ ಬಿದ್ದು ಬಾಡಿಯ ಬೋಲ್ಟಿನವರೆಗೆ ಎಟುಕಿರಲಿಲ್ಲ. ಹೆಡ್‌ಲೈಟಿನ ಕಪ್ಪು ವೈರ್ ಪಕ್ಕದಲ್ಲೇ ಇತ್ತು. ವೈರಿಗೆ ಹಾಗೇ ಕಚ್ಚಿಸುವ ನೀಲಿ ಪ್ಲಾಸ್ಟಿಕ್ ಕ್ಲಿಪ್ ಹಾಕಿ ಅದಕ್ಕೇ ಸೇರಿಸಿದ್ದರು.

ನೇರವಾಗಿ ಕ್ಲಿಪ್ಪನ್ನೇ ಬಿಚ್ಚಬಹುದಿತ್ತು. ಆದರೂ ಮೀಟರ್ ಕೈಲಿದ್ದಾಗ ಹೆಜ್ಜೆ ಹೆಜ್ಜೆಯಾಗಿ ಹೋಗುವುದು ವಾಸಿ, ಏಕೆಂದರೆ ತಪ್ಪು ಬೋಲ್ಟಿನಲ್ಲೂ ಇರಬಹುದು. ಒಂದು ಪ್ರೋಬ್ ಬ್ಯಾಟರಿ ನೆಗೆಟಿವ್‌ನಲ್ಲೇ ಬಿಟ್ಟೆ. ಇನ್ನೊಂದನ್ನು ಬ್ಯಾಟರಿ ಕಡೆಯಿಂದ ಲ್ಯಾಂಪಿನ ಕಡೆಗೆ ಸರಿಸುತ್ತಾ ಬಂದೆ. ಬಾಡಿಯ ತಗಡು 0.04. ಬೋಲ್ಟಿಗೆ ಸಿಕ್ಕಿಸಿದ ರಿಂಗ್ ಲಗ್ 0.06. ಕ್ಲಿಪ್ಪಿಗಿಂತ ಈಚೆ 0.13. ಕ್ಲಿಪ್ಪಿಗಿಂತ ಆಚೆ 1.6. ಒಂದು ಇಂಚು ವೈರಿನ ಒಳಗೆ ಸುಮಾರು ಒಂದೂವರೆ ವೋಲ್ಟ್ ಮಾಯ. ಅಲ್ಲಿ ಹರಿಯುತ್ತಿದ್ದುದು ಎಂಟೂವರೆ ಆಂಪಿಯರ್. ಗುಣಿಸಿದರೆ 12 ವ್ಯಾಟಿಗೂ ಮೇಲೆ, ಬೆರಳ ತುದಿಯಷ್ಟು ಜಾಗದಲ್ಲಿ.

ಕ್ಲಿಪ್ ಬಿಚ್ಚಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಕಂದಿ, ಒಂದು ಮೂಲೆ ಮೆತ್ತಗಾಗಿ ಕುಸಿದಿತ್ತು. ಕ್ಲಿಪ್ಪಿನ ಲೋಹದ ಬಾಯಿ ವೈರಿನ ಹೊದಿಕೆ ಸೀಳುವ ಜೊತೆಗೆ ಒಳಗಿನ ಎಳೆಗಳನ್ನೂ ಕತ್ತರಿಸಿತ್ತು. ಉಳಿದಿದ್ದ ನಾಲ್ಕಾರು ಎಳೆಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಬೆರಳಲ್ಲಿ ಉಜ್ಜಿದರೆ ಪುಡಿ ಉದುರಿತು. ಬಂಪರಿನ ಹಿಂದೆ ಚಕ್ರ ಎರಚುವ ನೀರು ಸದಾ ಬಡಿಯುತ್ತಿರುತ್ತದೆ. ಆ ಕ್ಲಿಪ್ಪಿಗೆ ನೀರು ತಡೆಯುವ ಶಕ್ತಿಯೇ ಇಲ್ಲ. ಕಾರಿನ ಒಳಗೆ, ಡ್ಯಾಶ್‌ಬೋರ್ಡಿನ ಕೆಳಗೆ, ಸಣ್ಣ ಸಿಗ್ನಲ್ ವೈರಿಗೆ ಬೇಕಾದರೆ ನಡೆಯುತ್ತದೆ ಅನ್ನುವವರಿದ್ದಾರೆ. ನಾನು ಅಲ್ಲೂ ಹಾಕುವುದಿಲ್ಲ. ಬಾನೆಟ್ ಒಳಗಂತೂ ಕೂಡದು.

ಕಿಟ್ಟಿನ ವೈರು, ಕಿಟ್ಟಿನ ಫ್ಯೂಸು

ಪಾಸಿಟಿವ್ ಕಡೆಯ 0.9 ವೋಲ್ಟ್ ಇನ್ನೂ ಬಾಕಿ ಇತ್ತು. ಕಿಟ್ಟಿನ ಕೆಂಪು ವೈರ್ ಕೈಗೆ ದಪ್ಪಗೇ ಸಿಗುತ್ತಿತ್ತು. ತುದಿ ಕತ್ತರಿಸಿ ನೋಡಿದರೆ ದಪ್ಪವೆಲ್ಲ ಹೊದಿಕೆಯದ್ದೇ. ಒಳಗಿನ ಎಳೆಗಳು ಸೇರಿ ಮುಕ್ಕಾಲು ಚದರ ಮಿಲಿಮೀಟರ್ ಇದ್ದಿರಬೇಕು. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದೆ. ಮೇಲಿನ ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳಗೆ ಕಂಡಿತು. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ತಾಮ್ರಕ್ಕೆ ಹೋಲಿಸಿದರೆ ಇದು ಕರೆಂಟ್ ಸಾಗಿಸುವುದು ಮೂರನೇ ಎರಡು ಪಾಲಿಗಿಂತಲೂ ಕಡಿಮೆ. ಬಗ್ಗಿಸಿದರೆ ಬೇಗ ತುಂಡಾಗುತ್ತದೆ, ನೀರು ತಗುಲಿದರೆ ಬೇಗ ಕೊಳೆಯುತ್ತದೆ. (ಬರೀ ಮೇಲೆ ಬೆಳ್ಳಗೆ ಇದ್ದು, ಕೆರೆದಾಗ ತಾಮ್ರ ಕಂಡರೆ ಅದು ತವರದ ಲೇಪ. ಅದು ಒಳ್ಳೆಯ ವೈರು, ಗಾಬರಿ ಬೇಡ.)

ಇನ್ನೊಂದು ವಿಷಯ ಮಾಲೀಕರ ದೂರಿನಲ್ಲೇ ಇರಲಿಲ್ಲ, ಏಕೆಂದರೆ ಅದು ಕೆಡುವವರೆಗೂ ಗೊತ್ತಾಗುವಂಥದ್ದಲ್ಲ. ಕಿಟ್ಟಿನಲ್ಲಿದ್ದ ಫ್ಯೂಸ್ 30 ಆಂಪಿಯರಿನದು. ಅದೂ ಬ್ಯಾಟರಿಯ ಹತ್ತಿರ ಇರಲಿಲ್ಲ, ರಿಲೇಯ ಪಕ್ಕ ಇತ್ತು. ನಡುವೆ ಎರಡು ಅಡಿಗೂ ಜಾಸ್ತಿ ವೈರ್ ಹೆಡ್‌ಲೈಟಿನ ಹಿಂದಿನ ತಗಡಿನ ಅಂಚಿಗೆ ಒರಗಿಕೊಂಡು ಹೋಗಿತ್ತು. ಅದುರಿ ಅದುರಿ ಅಲ್ಲಿ ಹೊದಿಕೆ ಸವೆದರೆ ಬ್ಯಾಟರಿಯ ಪೂರ್ತಿ ಶಕ್ತಿ ನೇರ ಬಾಡಿಗೆ ಇಳಿಯುತ್ತದೆ, ತಡೆಯಲು ದಾರಿಯಲ್ಲಿ ಯಾರೂ ಇಲ್ಲ. ಫ್ಯೂಸ್ ಇರುವುದು ಲ್ಯಾಂಪ್ ಕಾಪಾಡಲು ಅಂತ ಬಹಳ ಜನ ತಿಳಿದಿದ್ದಾರೆ. ಅದು ಕಾಪಾಡುವುದು ವೈರನ್ನು. ಅದಕ್ಕೇ ವೈರ್ ಶುರುವಾಗುವ ಕಡೆಯೇ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ಸಣ್ಣ ವೈರಿಗೆ 30ರ ಫ್ಯೂಸ್ ಹಾಕಿದರೆ ಮೊದಲು ವೈರ್ ಸುಡುತ್ತದೆ, ಆಮೇಲೆ ಫ್ಯೂಸ್ ಯೋಚನೆ ಮಾಡುತ್ತದೆ.

ಎರಡು ಲ್ಯಾಂಪು ಸೇರಿ 9 ಆಂಪಿಯರ್ ಚಿಲ್ಲರೆ. 10ರ ಫ್ಯೂಸ್ ಅಂಚಿಗೆ ಬಂತು. ತಣ್ಣಗಿರುವ ಫಿಲಮೆಂಟ್ ಹತ್ತುವ ಕ್ಷಣದಲ್ಲಿ ಮಾಮೂಲಿಗಿಂತ ಹತ್ತು ಪಟ್ಟಿನಷ್ಟು ಕರೆಂಟ್ ಎಳೆಯುವುದೂ ಉಂಟು. ಹಾಗಾಗಿ 15 ಸರಿಯಾದ ಆಯ್ಕೆ. ಅದಕ್ಕೆ ತಕ್ಕ ವೈರ್ ಅಂದರೆ ಬ್ಯಾಟರಿಯಿಂದ ರಿಲೇಗೆ ಮತ್ತು ರಿಲೇಯಿಂದ ಕವಲೊಡೆಯುವವರೆಗೆ 2.5 ಚದರ ಮಿಲಿಮೀಟರ್ ತಾಮ್ರ. ಅಲ್ಲಿಂದ ಒಂದೊಂದು ಲ್ಯಾಂಪಿಗೆ 1.5.

ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟೆ. ಕಿಟ್ಟಿನಿಂದ ಉಳಿಸಿಕೊಂಡಿದ್ದು ಲ್ಯಾಂಪು, ಸ್ವಿಚ್ಚು, ರಿಲೇ ಸಾಕೆಟ್ ಅಷ್ಟೆ. ಹೆಡ್‌ಲೈಟಿನ ಗಾಯಗೊಂಡ ಕಪ್ಪು ವೈರನ್ನು ಒಳ್ಳೆಯ ತಾಮ್ರ ಕಾಣುವವರೆಗೆ ಎರಡೂ ಕಡೆ ಕತ್ತರಿಸಿದೆ. ನಡುವೆ ಹೊಸ ತುಂಡು ಸೇರಿಸಿ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಕಾದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ ಕಾಯಿಸಿದೆ. ತುದಿಯಲ್ಲಿ ಅಂಟು ಸ್ವಲ್ಪ ಹೊರಗೆ ಉಕ್ಕಿದರೆ ನೀರು ಹೋಗದು ಅಂತ ಗ್ಯಾರಂಟಿ. ಅಲ್ಲಿಗೆ ಹೆಡ್‌ಲೈಟಿನ ಅರ್ತ್ ಹೆಡ್‌ಲೈಟಿಗೇ ವಾಪಸ್ ಹೋಯಿತು.

ಫಾಗ್ ಲೈಟುಗಳಿಗೆ ಎರಡೂ ಕಡೆ ಬೇರೆ ಬೇರೆ ಅರ್ತ್ ಕೊಟ್ಟೆ. ಬಾಡಿಯ ಬೋಲ್ಟಿನ ಸುತ್ತ ಬಣ್ಣವನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಳೆಯುವ ತಗಡು ತೆಗೆದೆ. ರಿಂಗ್ ಲಗ್ ಬಿಗಿದ ಮೇಲೆ ಅದರ ಮೇಲೆ ಗ್ರೀಸ್ ಬಳಿದೆ. ಕ್ರಮ ಮುಖ್ಯ: ಮೊದಲು ಲೋಹಕ್ಕೆ ಲೋಹ ಬಿಗಿಯಬೇಕು, ಆಮೇಲೆ ಗ್ರೀಸು. ಅರ್ತನ್ನು ನೇರ ಬ್ಯಾಟರಿ ನೆಗೆಟಿವ್‌ಗೇ ಕೊಡಬಹುದಲ್ವಾ ಅಂತ ಮಾಲೀಕರು ಕೇಳಿದರು. ಈ ಕಾರಿನ ನೆಗೆಟಿವ್ ಟರ್ಮಿನಲ್ ಮೇಲೆ ಒಂದು ಪುಟ್ಟ ಸೆನ್ಸರ್ ಕೂತಿದೆ, ಬ್ಯಾಟರಿಯಿಂದ ಎಷ್ಟು ಕರೆಂಟ್ ಹೋಯಿತು ಬಂತು ಅಂತ ಲೆಕ್ಕ ಇಡುತ್ತದೆ. ಅದನ್ನು ದಾಟಿಸಿ ಟರ್ಮಿನಲ್ಲಿಗೇ ಅರ್ತ್ ಕೊಟ್ಟರೆ ಫಾಗ್ ಲೈಟಿನ 9 ಆಂಪಿಯರ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಸ್ಟಾರ್ಟ್-ಸ್ಟಾಪ್ (ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ತಾನೇ ನಿಂತು ಮತ್ತೆ ಚಾಲೂ ಆಗುವುದು) ಇರುವ ಕಾರುಗಳಲ್ಲಿ ಈ ಸೆನ್ಸರ್ ಸಾಮಾನ್ಯ. ಅಂಥ ಕಾರಿನಲ್ಲಿ ಬಾಡಿಯ ಅರ್ತೇ ಸರಿ.

ಬಂಪರಿನ ಹಿಂದೆ ವೈರ್ ಎಳೆಯುವಾಗ ಹಳದಿ ಹೊದಿಕೆಯ ವೈರು, ಹಳದಿ ಕನೆಕ್ಟರ್ ಕಂಡರೆ ದೂರ ಇರಬೇಕು. ಅದು ಏರ್‌ಬ್ಯಾಗಿನದು. ಅದಕ್ಕೆ ಟೈ ಕಟ್ಟುವುದೂ ಬೇಡ, ಟೆಸ್ಟ್ ಲ್ಯಾಂಪ್ ಚುಚ್ಚುವುದಂತೂ ಬೇಡವೇ ಬೇಡ. ರಿಲೇಯನ್ನು ಕಾಲುಗಳು ಕೆಳಮುಖ ಇರುವಂತೆ ಕೂರಿಸಿದೆ, ನೀರು ಬಿದ್ದರೂ ಇಳಿದು ಹೋಗಲಿ ಅಂತ. ಬಾನೆಟ್ಟಿನಿಂದ ಒಳಗೆ ಹೋಗುವ ವೈರ್ ರಬ್ಬರ್ ಗ್ರೋಮೆಟ್ ಮೂಲಕವೇ ಹೋಯಿತು.

ಕೊನೆಗೆ ಅದೇ ಸ್ಥಿತಿಯಲ್ಲಿ ಅದೇ ಅಳತೆಗಳು. ಎಂಜಿನ್ ಚಾಲೂ, ಡಿಮ್ ಆನ್, ಎಡ ಇಂಡಿಕೇಟರ್ ಆನ್, ಬ್ಯಾಟರಿಯಲ್ಲಿ 13.9. ಬಲ ಲ್ಯಾಂಪಿನಲ್ಲಿ 13.5, ಎಡದಲ್ಲಿ 13.4. ಅರ್ತ್ ನಷ್ಟ ಎರಡೂ ಕಡೆ 0.1ರೊಳಗೆ, ಇಂಡಿಕೇಟರಿಗೆ ಮೀಟರ್ ಮಿಸುಕಲಿಲ್ಲ. ಎಚ್11 ಬಲ್ಬಿನ ಬೆಳಕನ್ನು ಅಳೆದು ಹೇಳುವುದೇ 13.2 ವೋಲ್ಟಿನಲ್ಲಿ, ಅಲ್ಲಿ ಅದು ಸುಮಾರು 1350 ಲ್ಯೂಮೆನ್ ಕೊಡಬೇಕು. ಈಗ ಅದಕ್ಕೆ ಸಿಗಬೇಕಾದ್ದು ಸಿಕ್ಕಿತು. ಎಡ ಲ್ಯಾಂಪ್ ಲೆಕ್ಕದ ಪ್ರಕಾರ ಮೊದಲಿಗಿಂತ ಮುಕ್ಕಾಲು ಪಾಲು ಜಾಸ್ತಿ ಬೆಳಗುತ್ತಿತ್ತು.

ಬೆಳಕು ಜಾಸ್ತಿ ಆದಾಗ ಇನ್ನೊಂದು ಹುಳುಕು ಬಯಲಾಯಿತು. ಲ್ಯಾಂಪುಗಳು ಮೇಲಕ್ಕೆ ನೋಡುತ್ತಿದ್ದವು. ಫಾಗ್ ಲೈಟಿನ ಬೆಳಕಿಗೆ ಮೇಲೆ ಚಪ್ಪಟೆ ಅಂಚು ಇರುತ್ತದೆ, ಅದರ ಮೇಲೆ ಕತ್ತಲಿರಬೇಕು. ಬೆಳಕು ಮೇಲೆ ಹೋದರೆ ಮಂಜಿನ ಹನಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲ್ಯಾಂಪನ್ನು ಬಂಪರಿನಲ್ಲಿ ತಗ್ಗಿಗೆ ಇಡುವುದೂ ಇದಕ್ಕೇ. 48ನೇ ನಿಯಮ ಕಾರಿಗೆ 250ರಿಂದ 800 ಮಿಲಿಮೀಟರ್ ಎತ್ತರ ಹೇಳುತ್ತದೆ. ಕಾರನ್ನು ಸಮತಟ್ಟು ಜಾಗದಲ್ಲಿ ಗೋಡೆಯಿಂದ ಏಳೂವರೆ ಮೀಟರ್ ದೂರ ನಿಲ್ಲಿಸಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿದೆ. ಲ್ಯಾಂಪಿನ ನಡುಮಧ್ಯ ನೆಲದಿಂದ 40 ಸೆಂಟಿಮೀಟರ್ ಇತ್ತು. ಗೋಡೆಯ ಮೇಲೆ ಬೆಳಕಿನ ಅಂಚು 29 ಸೆಂಟಿಮೀಟರಿಗೆ ಬರುವಂತೆ ಸ್ಕ್ರೂ ತಿರುಗಿಸಿದೆ. ಅಂದರೆ ಶೇ 1.5ರಷ್ಟು ಇಳಿಜಾರು.

ಮಾಲೀಕರಿಗೆ ಹಳದಿ ಬಲ್ಬ್ ಹಾಕುವ ಆಸೆ ಇತ್ತು, ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದಂತೆ ಅಂತ. ಫ್ರಾನ್ಸಿನಲ್ಲಿ 1990ರ ದಶಕದ ಶುರುವಿನವರೆಗೂ ಹೆಡ್‌ಲೈಟೇ ಹಳದಿ ಇರಬೇಕೆಂಬ ನಿಯಮ ಇತ್ತು, ಹಾಗಾಗಿ ಈ ನಂಬಿಕೆಗೆ ವಯಸ್ಸಾಗಿದೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡದು. ಅಷ್ಟು ದೊಡ್ಡ ಹನಿ ಬಿಳಿ, ಹಳದಿ ಅಂತ ನೋಡದೆ ಎಲ್ಲವನ್ನೂ ಸರಿಸುಮಾರು ಒಂದೇ ಥರ ಚದುರಿಸುತ್ತದೆ. ಕೆಲವರಿಗೆ ಹಳದಿ ಕಣ್ಣಿಗೆ ಹಿತ ಅನ್ನಿಸುತ್ತದೆ, ಹಾಕಿಕೊಳ್ಳಲಿ, ತಪ್ಪೇನಿಲ್ಲ. ಎಲ್‌ಇಡಿ ಬಲ್ಬ್ ಬಗ್ಗೆ ಮಾತ್ರ ಬೇಡ ಅಂದೆ. ಈ ಲ್ಯಾಂಪಿನ ಕನ್ನಡಿ ಹ್ಯಾಲೊಜೆನ್ ಫಿಲಮೆಂಟ್ ಇರುವ ಜಾಗಕ್ಕೆ ಅಂತಲೇ ಮಾಡಿದ್ದು. ಎಲ್‌ಇಡಿಯ ಬೆಳಕು ಹೊರಡುವ ಜಾಗ, ಆಕಾರ ಬೇರೆ. ಹಾಕಿದರೆ ಗೋಡೆಯ ಮೇಲಿನ ಆ ಚಪ್ಪಟೆ ಅಂಚು ಕಲಸಿಹೋಗಿ ಬೆಳಕು ಮತ್ತೆ ಮೇಲಕ್ಕೆ ಚೆಲ್ಲುತ್ತದೆ.

ಒಂದು ಮಳೆಗಾಲ ಕಳೆದ ಮೇಲೆ ಕಾರು ಬೇರೆ ಕೆಲಸಕ್ಕೆ ಬಂದಾಗ ಎಡಗಡೆ ಅರ್ತ್ ಮತ್ತೊಮ್ಮೆ ಅಳೆದೆ, ಎಲ್ಲ ಲೈಟೂ ಹಾಕಿ. 0.09 ವೋಲ್ಟ್. ಹೆಡ್‌ಲೈಟಿನ ವೈರಿಗೆ ಹಾಕಿದ ಸ್ಲೀವ್ ಗಟ್ಟಿಯಾಗಿತ್ತು. ಬಲಗಡೆ ಬೋಲ್ಟಿನ ಗ್ರೀಸ್ ಸ್ವಲ್ಪ ತೊಳೆದುಹೋಗಿತ್ತು. ಮತ್ತೆ ಬಳಿದು ಕಳಿಸಿದೆ.